ಕಿಸೆಗೆ ಹೋದ ಎಲೆ

ಮುರಗೋಡದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೊಡುವಾಗ, ಎತ್ತು ಮಾರುವಾಗ, ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕುವಾಗ, ಮಾತು ಮುಗಿಯಿತು ಎನ್ನಲಿಕ್ಕೆ ಎಲೆ ಅಡಿಕೆ ಕೊಡುತ್ತಾರೆ. ಇದು ಎಲ್ಲರ ಮನೆಯಲ್ಲೂ ಉಂಟು. ನಮ್ಮ ಆಯಿಯಂಥ ಹಳಬರ ಬಳಿ ಇದಕ್ಕೆ ಇನ್ನೊಂದು ಗಂಟು ಇತ್ತು. ಆಯಿ ಅಂದರೆ ನಮ್ಮಪ್ಪನ ತಾಯಿ. ಅವಳ ಪ್ರಕಾರ ಎಲೆ ಹಿಡಿದರೆ ಅರ್ಧ ಮಾತು ಕೊಟ್ಟ ಹಾಗೆ. ಅಲ್ಲೇ ಕುಳಿತು, ಕೊಟ್ಟವರ ಕಣ್ಣೆದುರಿಗೆ ಬಾಯಿಗೆ ಹಾಕಿಕೊಂಡು ಜಗಿದರೆ ಮಾತ್ರ ಪೂರ್ತಿ ಕೊಟ್ಟ ಹಾಗೆ.

"ಕೈಯಾಗಿನ ಎಲಿ ಹೊರಗ ಹೋಗಿ ಚೆಲ್ಲಬಹುದು. ಹೊಟ್ಟ್ಯಾಗ ಹೋದ ಎಲೀನ ಯಾರು ಹೊರಗ ತಗೀತಾರು?" ಅನ್ನುತ್ತಿದ್ದಳು.

ನನಗೆ ಮಾತು ಬಂದದ್ದೇ ಅವಳಿಂದ. ಬೀಸುವಾಗ ಅವಳು ಹಾಡುತ್ತಿದ್ದ ಪದಗಳು, ಜಗಳ ಬಿಡಿಸುವಾಗ ಎಸೆಯುತ್ತಿದ್ದ ಗಾದೆಗಳು, ಉಣ್ಣಿಸುವಾಗ ಹೇಳುತ್ತಿದ್ದ ಕಿತ್ತೂರು ರಾಣಿಯ ಕಥೆ, ಎಲ್ಲ ಒಂದು ಸಲ ಕಿವಿಗೆ ಬಿದ್ದರೆ ಸಾಕು, ನನ್ನಲ್ಲಿ ನಿಂತುಬಿಡುತ್ತಿದ್ದವು. ಈ ಕಿವಿಯೇ ಮುಂದೆ ನನ್ನನ್ನು ಪಾಸು ಮಾಡಿಸಿತು. ಅದೇ ಕಿವಿಯ ದೆಸೆಯಿಂದಲೇ ನನಗೆ ಏನೂ ಬರುವುದಿಲ್ಲ ಎಂಬುದು ಬಹಳ ದಿನ ನನಗೇ ತಿಳಿಯಲಿಲ್ಲ. ಆ ಸಂಗತಿಯನ್ನೇ ಹೇಳಬೇಕೆಂದಿದ್ದೇನೆ.

ಪಿಯುಸಿ ಮುಗಿದ ಬೇಸಿಗೆ. ಸವದತ್ತಿಯ ಮೈದಾನದಲ್ಲಿ ನಾನು ಖೋ-ಖೋ ಆಡಿದ್ದನ್ನು ನೋಡಿದ್ದ ಬೈಲಹೊಂಗಲದ ಒಂದು ಕಾಲೇಜಿನ ಪಿ.ಡಿ. ಸರ್ ನಮ್ಮ ಮನೆ ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಆಟ ಕಲಿಸುವವರನ್ನು ಎಲ್ಲರೂ ಹಾಗೇ ಕರೆಯುವುದು. ಕೈಯಲ್ಲಿ ಬಾಳೆಹಣ್ಣು, ಮುಖದ ತುಂಬ ನಗೆ. ಅಪ್ಪ ಜಮಖಾನೆ ಹಾಸಿದ. ಸರ್ ಮಾತ್ರ ಅಪ್ಪನನ್ನು ಬಿಟ್ಟು ನೇರ ಆಯಿಯ ಎದುರಿಗೆ ಹೋಗಿ ಕುಳಿತರು. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವರಿಗೆ ಹೊಸ್ತಿಲಲ್ಲೇ ತಿಳಿಯುತ್ತಿತ್ತು.

"ಆಯೀ, ನಿಮ್ಮ ಹುಡಿಗಿ ಕಾಲಾಗ ಮಿಂಚ ಐತ್ರಿ. ನನ್ನ ಕೈಯಾಗ ಕೊಡ್ರಿ. ಯುನಿವರ್ಸಿಟಿ ಟೀಮಿಗೆ ಆಡಸ್ತೇನಿ."

"ಮಿಂಚು ಮಳಿ ನಿಂತ್ರ ಹೋಗತೈತಿ ಮಾಸ್ತರ. ಆಮ್ಯಾಲ?"

"ಆಮ್ಯಾಲ ಡಿಗ್ರಿ ಇರತೈತ್ರಿ."

"ಡಿಗ್ರಿ ಅಂದ್ರ ಕಾಗದಾನೋ, ಕಲಿಯೂದೋ?"

ಸರ್ ನಕ್ಕರು. "ಎರಡೂ ರೀ ಆಯಿ. ಎರಡೂ ನಡಸ್ತೇವಿ."

ಆಯಿ ತನ್ನ ಮಾತಿಗೆ ಬಂದಳು. "ಆಡ್ಲಿ. ಮೊಣಕಾಲು ಕೆತ್ತಿಸಿಕೊಂಡು ಬರ್ಲಿ, ಅರಿಷಿಣ ಹಚ್ಚತೇನಿ. ಆದ್ರ ನಮ್ಮ ಮನ್ಯಾಗ ಒಬ್ಬಾಕೆರ ಸಾಲಿ ಕಲಸಾಕಿ ಆಗಬೇಕು ಅನ್ನೂದು ನನ್ನ ಹಟ. ಹುಡುಗೋರ ಮುಂದ ನಿಂತು ಇಕಿ ಪಾಠಾ ಹೇಳಬೇಕು. ಅವು ಏನ ಕೇಳಿದ್ರೂ ಉತ್ತರಾ ಕೊಡಬೇಕು. ಅದಕ್ಕ ನೀವು ಹೂಂ ಅಂತಿದ್ರ ಎಲಿ ತಗೋರಿ."

ಸರ್ ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮಡಿಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

"ಊಟ ಆದಮ್ಯಾಲ ಹಾಕ್ಕೋತೇನ್ರಿ ಆಯಿ."

ಆಯಿಯ ಕಣ್ಣು ಆ ಕಿಸೆಯ ಮೇಲೆ ನಿಂತದ್ದನ್ನು ನಾನು ಕದದ ಸಂದಿಯಿಂದ ನೋಡಿದೆ. ಅವರು ಹೋದ ಮೇಲೆ ಅಪ್ಪ, "ಎಂಥಾ ಮರ್ಯಾದಿ ಮನಿಶ್ಯಾ" ಎಂದ. ಆಯಿ, "ಕಲತವ್ರಪಾ. ಬಾಯಿ ಕೆಂಪ ಮಾಡ್ಕೊಂಡು ಕಾಲೇಜಿಗೆ ಹೆಂಗ ಹೋದಾರು" ಎಂದಳು. ಅಷ್ಟು ಕಟ್ಟುನಿಟ್ಟಿನ ಮುದುಕಿ, ಅವರ ಪರವಾಗಿ ತಾನೇ ಒಂದು ನೆಪ ಹುಡುಕಿಕೊಟ್ಟಳು. ಓದಿದವರ ಎದುರಿಗೆ ನಮ್ಮಂಥ ಮನೆಯವರು ಮಾಡುವ ತಪ್ಪೇ ಇದು. ನಮ್ಮ ನಮ್ಮೊಳಗೆ ಬಿಡದ ಪದ್ಧತಿಯನ್ನು ಅವರಿಗೆ ಬಿಟ್ಟುಕೊಡುತ್ತೇವೆ.

ಸರ್ ಕೆಟ್ಟವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಟ್ಟವರ ಬಗ್ಗೆ ಹೇಳುವುದು ಏನಿರುತ್ತದೆ. ಬೆಳಿಗ್ಗೆ ನಮಗಾಗಿ ಕಡಲೆ ನೆನೆಸಿಕೊಂಡು ಬರುತ್ತಿದ್ದರು. ಸಂಜೆ ಹುಡುಗಿಯರ ಕೊನೆಯ ಬಸ್ಸು ಹೊರಡುವವರೆಗೂ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ನನ್ನ ಕಾಲು ಉಳುಕಿದಾಗ ಉಳುಕು ತೆಗೆಯುವವನನ್ನು ಕರೆಸಿ, ನಾನು ಅತ್ತರೆ ನನ್ನ ಕಡೆ ನೋಡಲಾರದೆ ಬೆನ್ನು ತಿರುಗಿಸಿ ನಿಂತಿದ್ದರು. "ನನ್ನ ಮಕ್ಕಳು" ಎಂದೇ ನಮ್ಮನ್ನು ಪರಿಚಯಿಸುವುದು. ಹೊರಗಿನ ಊರಿಗೆ ಆಡಲು ಹೋದಾಗ ಊಟವಾದ ಮೇಲೆ ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತು ಎಲೆ ಅಡಿಕೆಯ ಚಂಚಿ ಬಿಚ್ಚುತ್ತಿದ್ದರು. ಎಲೆಗೆ ಸುಣ್ಣ ಸವರುತ್ತ, "ಸುಣ್ಣಾ ಹೆಚ್ಚಾದ್ರ ನಾಲಿಗಿ ಸುಡತೈತಿ, ಪ್ರಾಕ್ಟೀಸ್ ಕಡಿಮಿ ಆದ್ರ ನನ್ನ ಹೊಟ್ಟಿ ಸುಡತೈತಿ. ತಿಳೀತೇನ್ರವಾ?" ಎಂದು ನಗಿಸುತ್ತಿದ್ದರು. ಅವರ ಕೆಂಪು ಬಾಯಿಯ ನಗೆ ನೋಡಿದರೆ ನಮಗೆ ಗೆದ್ದಷ್ಟೇ ಸಂತೋಷ.

ನಮ್ಮ ತರಗತಿಯಲ್ಲಿ ಬಾಗಿಲಿಗೆ ಹತ್ತಿದ ಬೆಂಚೊಂದಿತ್ತು. ಅದು ಆಟದವರ ಬೆಂಚು. ಪಾಠ ನಡೆದಾಗ ಮೈದಾನದಿಂದ ಕರೆ ಬಂದರೆ ಉಳಿದವರಿಗೆ ತೊಂದರೆಯಾಗದಂತೆ ಎದ್ದು ಹೋಗಲಿ ಎಂದು ಯಾರೋ ಯಾವಾಗಲೋ ಮಾಡಿಟ್ಟ ವ್ಯವಸ್ಥೆ. ಕಲಿಸುವವರ ಕಣ್ಣು ಮೊದಲ ಬೆಂಚಿನಿಂದ ಶುರುವಾಗಿ ಬೆಂಚಿನಿಂದ ಬೆಂಚಿಗೆ ಬಂದು, ನಮ್ಮ ಬೆಂಚಿನ ಹತ್ತಿರ ಬಂದಾಗ ಕಿಟಕಿಯ ಕಡೆ ಹೊರಳುತ್ತಿತ್ತು. ಪ್ರಶ್ನೆ ನಮ್ಮವರೆಗೆ ಬರುತ್ತಿರಲಿಲ್ಲ. ನಮ್ಮ ಹಾಜರಿ ನಾವು ಇರಲಿ ಬಿಡಲಿ ಬೀಳುತ್ತಿತ್ತು. ಬರೆದು ಕೊಡಬೇಕಾದ ಅಸೈನ್‌ಮೆಂಟುಗಳನ್ನು ಓದುವ ಹುಡುಗಿಯರಿಗೆ ಹೇಳಿ ಸರ್ ಬರೆಸಿ ಇಡುತ್ತಿದ್ದರು. ಮೊದಮೊದಲು ಇದೆಲ್ಲ ನಮಗೆ ಮಾಡಿದ ಮರ್ಯಾದೆ ಎಂದೇ ತೋರಿತು. ಮದುವೆ ಮನೆಯಲ್ಲಿ ಬೀಗರಿಗೆ ಬೇರೆ ಪಂಕ್ತಿ ಹಾಕಿದ ಹಾಗೆ.

ಇತಿಹಾಸದ ಮೌಖಿಕ ಪರೀಕ್ಷೆಯ ದಿನ. ಒಳಗೆ ಹೋದೆ. ಇತಿಹಾಸದ ಮೇಡಂ ಚಹಾ ಕುಡಿಯುತ್ತಿದ್ದರು.

"ಬಾರವಾ. ಮೊನ್ನೆ ಫೈನಲ್ ಏನಾತು?"

"ಗೆದ್ವಿರಿ ಮೇಡಂ."

"ಕಡೀ ಓಟಗಾರ್ತೀನ ಯಾರು ಔಟ್ ಮಾಡಿದ್ರು?"

"ನಾನ ರೀ. ಕಂಬದ ಹತ್ರ ಡೈವ್ ಹೊಡದೆ."

"ಶಾಬಾಸ್. ಮುಂದಿನಾಕೀನ ಕಳಸು."

ನನ್ನ ಇತಿಹಾಸದ ಮೌಖಿಕ ಪರೀಕ್ಷೆ ಎಂದರೆ ಇಷ್ಟೇ. ಹೊರಗೆ ಬಂದರೆ ನನ್ನ ನಂತರದ ಹುಡುಗಿ ಪುಸ್ತಕ ಎದೆಗವಚಿಕೊಂಡು ಬೆವರುತ್ತಿದ್ದಳು. "ನಿನಗ ಏನ ಕೇಳಿದ್ರವಾ?" ಎಂದಳು. "ಖೋ-ಖೋ" ಎಂದೆ. "ನಿಂದೇನು ಬಿಡು, ದೇವರ ಗುಡ್ಯಾಗ ಹುಟ್ಟೀದಿ" ಎಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಅವಳಿಗೆ ಏನೇನೋ ಕೇಳುತ್ತಿದ್ದರು. ಕೇಳುವಷ್ಟು ಅವಳನ್ನು ಲೆಕ್ಕಕ್ಕೆ ಹಿಡಿದಿದ್ದರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಎರಡನೆಯ ವರ್ಷ ಒಂದು ದಿನ ಮೇಡಂ ನಮ್ಮ ಸೀಮೆಯ ಸಂಸ್ಥಾನಗಳ ಪಾಠ ತೆಗೆದರು. ಹೆಸರು ಕೇಳಿದ ಊರುಗಳೇ ಎಲ್ಲ. ನನ್ನ ಕಿವಿ ನೆಟ್ಟಗಾಯಿತು. ಆಗಲೇ ಬಾಗಿಲಿಂದ ಕರೆ ಬಂತು. ನಾನು ಹೊರಗೆ ಹೋಗಿ, "ಸರ್, ಈ ಒಂದು ತಾಸು ಕುಂದರತೇನ್ರಿ" ಎಂದು ಕೇಳಿದೆ.

"ಅದು ಗೈಡಿನ್ಯಾಗ ಐತಿ ತಂಗಿ. ಕಂಬಾ ಗೈಡಿನ್ಯಾಗ ಇರೂದಿಲ್ಲ. ನಡಿ."

ಹೊರಗೆ ನಿಂತಿದ್ದ ಆಟದವರೆಲ್ಲ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತಲ್ಲ, ಅದಕ್ಕೆ.

ಪರೀಕ್ಷೆ ಬಂದಾಗ ಸರ್ ಗೈಡು ತಂದು ಯಾವ ಯಾವ ಪ್ರಶ್ನೆ ಎಂದು ಗುರುತು ಮಾಡಿಸಿ ಕೊಡುತ್ತಿದ್ದರು. ಬಸ್ಸಿನಲ್ಲಿ ಜೊತೆಗಾತಿ ಗಟ್ಟಿಯಾಗಿ ಓದಿದರೆ ನಾನು ಕಣ್ಣು ಮುಚ್ಚಿ ಕೇಳುವೆ. ಆಯಿಯ ಬೀಸುವ ಪದ ನಿಂತ ಹಾಗೆ ಆ ಉತ್ತರಗಳೂ ತಲೆಯಲ್ಲಿ ನಿಲ್ಲುತ್ತಿದ್ದವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಸಹಿತ. ಪರೀಕ್ಷೆಯ ಹಾಳೆಯ ಮೇಲೆ ಅವನ್ನು ಇಳಿಸಿ ಬಂದರೆ ಮುಗಿಯಿತು, ಸಂಜೆಗೆ ಒಂದೂ ಉಳಿಯುತ್ತಿರಲಿಲ್ಲ. ಬೀಸುವ ಪದದ ಅರ್ಥವನ್ನು ಆಯಿ ಬಿಡಿಸಿ ಹೇಳುತ್ತಿದ್ದಳು. ಇವುಗಳದು ಯಾರೂ ಹೇಳಲಿಲ್ಲ.

ಯುನಿವರ್ಸಿಟಿ ಟೀಮಿಗೆ ಆಡಿದೆ. ಗೆದ್ದು ಬಂದಾಗ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ನನ್ನ ಫೋಟೋದ ಫ್ಲೆಕ್ಸ್ ಹಾಕಿದರು. ಅಪ್ಪ ಆಯಿಯನ್ನು ಕರೆದುಕೊಂಡು ಹೋಗಿ ತೋರಿಸಿದ. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಚಲೋ ಐತಿ. ಇದರಾಗ ಇಕಿ ಓಡಾಕತ್ತಾಳ. ಕಲಸೂದು ಯಾವಾಗ?"

ಡಿಗ್ರಿ ಮುಗಿಯಿತು. ಆಟದ ಕೋಟಾದಲ್ಲಿ ಬಿ.ಇಡಿ. ಸೀಟೂ ಸಿಕ್ಕಿತು. ಮನೆಯಲ್ಲಿ ಹೋಳಿಗೆ ಆಯಿತು. ಆಯಿ ತಾನೇ ಹೂರಣ ರುಬ್ಬಿದಳು. ಹುಡುಗರ ಮುಂದೆ ನಿಲ್ಲುವ ದಿನ ಹತ್ತಿರ ಬಂತಲ್ಲ.

ಬಿ.ಇಡಿ. ಓದುವವರು ಶಾಲೆಗಳಿಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರು ಕುಳಿತು ನೋಡಿ, ಸರಿ ಎನಿಸಿದರೆ ಸಹಿ ಮಾಡುತ್ತಾರೆ. ಸಹಿ ಆಗದಿದ್ದರೆ ಆ ಪಾಠ ಲೆಕ್ಕಕ್ಕಿಲ್ಲ, ಪಾಠಗಳು ಲೆಕ್ಕಕ್ಕೆ ಬಾರದಿದ್ದರೆ ಶಿಕ್ಷಕಿಯಾಗುವ ಮಾತೂ ಇಲ್ಲ. ನನಗೆ ಸಿಕ್ಕದ್ದು ಕಿತ್ತೂರಿನ ಒಂದು ಶಾಲೆ, ಎಂಟನೆಯ ತರಗತಿ. ಪಾಠ ಕಿತ್ತೂರಿನದೇ. ನನಗೆ ಒಳಗೊಳಗೇ ನಗು. ಆಯಿಯ ತೊಡೆಯ ಮೇಲೆ ಕೇಳಿದ ಕಥೆ, ಅದನ್ನು ಕೋಟೆಯಿಂದ ಕೂಗಳತೆಯಲ್ಲಿರುವ ಶಾಲೆಯಲ್ಲಿ ಹೇಳುವುದು. ಇದಕ್ಕಿಂತ ಸುಲಭದ ಕಂಬ ಯಾವುದು ಸಿಕ್ಕೀತು?

ಹೇಳಿದೆ. ಆಯಿ ಹೇಳಿದ ಹಾಗೆಯೇ ಹೇಳಿದೆ. ದೊರೆ ತೀರಿಕೊಂಡದ್ದು, ಮಗುವನ್ನು ದತ್ತಕ ತೆಗೆದುಕೊಂಡದ್ದು, ಕಂಪನಿಯವರು ಒಪ್ಪದೆ ಕೋಟೆಯ ಬಾಗಿಲಿಗೆ ಬಂದದ್ದು, ರಾಣಿ ಕುದುರೆ ಏರಿದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮುಗಿಸಿ, "ಏನಾರ ಕೇಳೂದೈತೇನು?" ಎಂದೆ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ದತ್ತಕ ಮಗನ್ನ ಕಂಪನಿಯವ್ರು ಯಾಕ ಒಪ್ಪಲಿಲ್ರಿ?"

ನನಗೆ ಗೊತ್ತಿರಲಿಲ್ಲ. ಆಯಿಯ ಕಥೆಯಲ್ಲಿ ಅದು ಇರಲಿಲ್ಲ. ಅವರು ಕೆಟ್ಟವರು, ಆದ್ದರಿಂದ ಒಪ್ಪಲಿಲ್ಲ ಎನ್ನುವುದು ತೊಡೆಯ ಮೇಲಿನ ಮಗುವಿಗೆ ಸಾಕಾಗಿತ್ತು. ನಾನು ಮತ್ತೆ ರಾಣಿಯ ಶೌರ್ಯಕ್ಕೆ ಹೋದೆ.

"ಅದು ತಿಳೀತ್ರಿ ಟೀಚರ್. ಯಾಕ ಒಪ್ಪಲಿಲ್ಲ ಅಂತ ಕೇಳಿದ್ನಿರಿ."

ಹಿಂದಿನಿಂದ ಇನ್ನೊಬ್ಬ, "ಮೊದಲ ಅವ್ರ ಜೋಡಿ ದೋಸ್ತಿ ಇತ್ತಂತಲ್ರಿ ಟೀಚರ್, ನಮ್ಮಜ್ಜ ಹೇಳ್ತಾನ" ಎಂದ. ನಾನು ಕರಿಹಲಗೆಯ ಕಡೆ ತಿರುಗಿದೆ. ಬರೆಯಲಿಕ್ಕೆ ಏನೂ ಇರಲಿಲ್ಲ. ಸುಮ್ಮನೆ ತಲೆಬರಹದ ಕೆಳಗೆ ಗೆರೆ ಎಳೆದೆ. ಆ ಗೆರೆ ಅಲ್ಲಿ ಆಗಲೇ ಇತ್ತು.

ಗಂಟೆ ಹೊಡೆದ ಮೇಲೆ ಪ್ರಾಧ್ಯಾಪಕರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. ಸಿಟ್ಟಿನ ಮನುಷ್ಯರಲ್ಲ.

"ನಿಂದು ಡಿಗ್ರಿ ಯಾವುದರಾಗ ಆಗೇತಿ?"

"ಇತಿಹಾಸ ರೀ ಸರ್."

"ಯಾರು ಕಲಿಸಿದ್ರು?"

ಅವರು ಹೀಯಾಳಿಸಲು ಕೇಳಿರಲಿಲ್ಲ. ಪರಿಚಯದವರಿರಬಹುದೇನೋ ಎಂದು ಕೇಳಿದ್ದರು ಅಷ್ಟೇ. ನನಗೆ ಮೇಡಂ ಅವರ ಹೆಸರು ಬಾಯಿಗೆ ಬಂತು, ಹೇಳಲಾಗಲಿಲ್ಲ. ಅವರು ನನಗೆ ಕಲಿಸಿರಲಿಲ್ಲ. ಯಾರೂ ಕಲಿಸಿರಲಿಲ್ಲ.

"ಈ ಪಾಠಕ್ಕ ಸಹಿ ಹಾಕಾಂಗಿಲ್ಲವಾ. ಕಥಿ ಚಲೋ ಹೇಳಿದಿ, ಆದ್ರ ಅದು ಪಾಠ ಅಲ್ಲ. ಮುಂದಿನ ವಾರ ಇದ ತರಗತಿಗೆ ಇದನ್ನ ಮತ್ತೊಮ್ಮೆ ತಗೋ. ಅವಾಗೂ ಹಿಂಗ ಆದ್ರ ನೀ ಬ್ಯಾರೇ ದಾರಿ ನೋಡ್ಕೊಳ್ಳೂದು ಪಾಡ."

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ. ಆ ಮೂರು ವರ್ಷ ನಾನು ದಿನಾಲೂ ಕಾಲೇಜಿಗೆ ಹೋಗಿದ್ದೆನಲ್ಲ, ಹಾಗಾದರೆ ಹೋದದ್ದು ಎಲ್ಲಿಗೆ? ಮನೆಗೆ ಹೋಗುವ ಬಸ್ಸು ಹಿಡಿಯದೆ ನೇರ ಮೈದಾನಕ್ಕೆ ನಡೆದೆ. ಸರ್ ಹೊಸ ಹುಡುಗಿಯರನ್ನು ಓಡಿಸುತ್ತಿದ್ದರು. ನನ್ನನ್ನು ಕಂಡು ಕೈ ಅಗಲಿಸಿದರು.

"ನೋಡ್ರವಾ, ಹಿಂಗ ಆಗಬೇಕು ನೀವು. ಬಾ ತಂಗಿ."

"ಸರ್, ನನಗ ಏನೂ ಬರೂದಿಲ್ರಿ."

"ಏನ ಬರೂದಿಲ್ಲ?"

"ನಾ ಯಾವುದರಾಗ ಪಾಸಾಗೇನಿ, ಅದು."

ಅವರು ನಕ್ಕರು. ಬೆನ್ನು ತಟ್ಟಿದರು. "ಯಾರಿಗೆ ಬರತೈತಿ ಹೇಳು? ಪಾಸಾದ್ಯಲ್ಲಾ? ಫೇಲಾಗಿದ್ರ ಬಂದು ನನ್ನ ಬೈಬೇಕಾಗಿತ್ತು. ಬಿಡು, ನೀ ಬಂದದ್ದ ಚಲೋ ಆತು. ನಾಳೆ ರವಿವಾರ. ರಾಮದುರ್ಗದಾಗ ಒಂದು ಹುಡಿಗಿ ನೋಡೇನಿ, ನಿನಗಿಂತ ಜೋರ ಅದಾಳ. ಮನ್ಯಾಗ ಹೂಂ ಅನವಲ್ರು. ನಿನ್ನನ್ನ ಕಣ್ಣಾರೆ ನೋಡಿದ್ರ ಒಪ್ಪತಾರ. ಸವದತ್ತಿ ಸ್ಟ್ಯಾಂಡಿಗೆ ಬಾ, ಕೂಡೇ ಹೋಗೂಣು."

ನಾನು ಹೋದೆ. ಯಾಕೆ ಎಂದರೆ, ಖೋ-ಖೋದಲ್ಲಿ ಸಾಲಿನಲ್ಲಿ ಕುಳಿತವಳು ಹಿಂದೆ ತಿರುಗಿ ನೋಡುವುದಿಲ್ಲ. ಬೆನ್ನು ಮುಟ್ಟಿ ಕೂಗಿದರೆ ಎದ್ದು ಓಡಬೇಕು. ಅವರು ಬೆನ್ನು ತಟ್ಟಿದರೆ ಏಳುವುದು ನನ್ನ ಕಾಲಿಗೆ ರೂಢಿಯಾಗಿತ್ತು.

ರಾಮದುರ್ಗದ ಆ ಮನೆ ನೇಕಾರರದು. ಓಣಿಯ ತುದಿಗೇ ಮಗ್ಗದ ಸದ್ದು ಕೇಳುತ್ತಿತ್ತು. ನಾವು ಒಳಗೆ ಹೋದಾಗ ತಾಯಿ ಮಗ್ಗ ನಿಲ್ಲಿಸಿ ಎದ್ದು ಬಂದರು. ಗಂಡ ತೀರಿಕೊಂಡ ಮೇಲೆ ಮನೆ ನಡೆಸುವವರು ಅವರೇ ಎಂದು ಸರ್ ದಾರಿಯಲ್ಲಿ ಹೇಳಿದ್ದರು. ಹುಡುಗಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಮೊಣಕೈಯಲ್ಲಿ ಇನ್ನೂ ಒಣಗದ ಗಾಯ. ಮೊದಲು ರೊಟ್ಟಿ ಬಂತು, ಶೇಂಗಾ ಚಟ್ನಿ, ಮೊಸರು. ಊಟವಾಗದೆ ಮಾತಿಲ್ಲ ಎಂಬುದು ಆ ಮನೆಯ ಕಾಯಿದೆ. ಊಟ ಮುಗಿದ ಮೇಲೆ ತಾಯಿ ಸರ್‌ ಅವರನ್ನು ಬಿಟ್ಟು ನನ್ನನ್ನು ಕೇಳಿದರು.

"ನೀ ಹೇಳು ತಂಗಿ, ನೀ ಅಲ್ಲೇ ಕಲತಾಕಿ. ನಮ್ಮ ಹುಡಿಗೀಗೆ ಲೆಕ್ಕಾ ಅಂದ್ರ ಜೀವ. ನೂಲಿನ ಲೆಕ್ಕಾ ನನಗಿಂತ ಮೊದಲ ಬಾಯಿಲೇ ಹೇಳತಾಳ. ಮುಂದ ಲೆಕ್ಕದಾಗ ಓದತೇನಿ ಅಂತಾಳ. ಆಟಕ್ಕ ಹೋದ್ರ ಲೆಕ್ಕಾ ತಪ್ಪೂದಿಲ್ಲಲಾ?"

ನಾನು ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು. "ಎರಡೂ ರೀ ಅಕ್ಕಾರ. ಎರಡೂ ನಡಸ್ತೇವಿ."

ನಮ್ಮ ಮನೆಯಲ್ಲಿ ಆಡಿದ ಮಾತೇ. ಅದೇ ನಗೆ, ಅದೇ ಇಳಿಸಿದ ದನಿ. ನನ್ನ ಆಯಿಗಾಗಿ, ನನಗಾಗಿ ಹುಟ್ಟಿದ ಮಾತು ಅದು ಎಂದು ಇಷ್ಟು ದಿನ ತಿಳಿದಿದ್ದೆ.

ತಾಯಿ ಒಳಗೆ ಹೋಗಿ ತಾಟಿನಲ್ಲಿ ಎಲೆ ಅಡಿಕೆ ತಂದರು. "ನೀವು ಇಕಿನ್ನ ಕಲಸತೇನಿ ಅಂತ ಮಾತ ಕೊಡ್ರಿ ಸರ. ನಾಳೆ ಬಂದು ಹೆಸರ ಹಚ್ಚತೇನಿ."

ಸರ್ ಎರಡೂ ಕೈಯಲ್ಲಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಬಲಗೈ ಅಂಗಿಯ ಕಿಸೆಯ ಕಡೆ ಹೊರಟಿತು.

"ಸರ್, ಇಲ್ಲೇ ಹಾಕ್ಕೋರಿ" ಎಂದೆ.

"ಊಟ ಆದಮ್ಯಾಲ..."

"ಊಟ ಆತಲ್ರಿ."

ಅವರು ನನ್ನ ಕಡೆ ನೋಡಿದರು. ನಾನು ಅವರ ಬಾಯಿಯ ಕಡೆ ನೋಡಿದೆ. ಟೆಂಪೋದ ಮುಂದಿನ ಸೀಟಿನಲ್ಲಿ ಎಷ್ಟು ಸಲ ಕೆಂಪಾಗಿ ನಕ್ಕ ಬಾಯಿ ಅದು. ಎಲೆ ಜಗಿಯದ ಮನುಷ್ಯ ಎಂದು ಆಯಿ ತಿಳಿದಿದ್ದಳು. ಎಲೆ ಇಲ್ಲದೆ ಊಟ ಇಳಿಯದ ಮನುಷ್ಯ ಎಂದು ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಅವರಿಗೆ ನಮ್ಮ ಪದ್ಧತಿ ತಿಳಿಯದ್ದಲ್ಲ. ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಕಿಸೆ.

ಸರ್ ಎಲೆಯನ್ನು ಮೆಲ್ಲಗೆ ತಾಟಿಗೆ ತಿರುಗಿ ಇಟ್ಟರು. "ಹಲ್ಲು ನೋಯಾಕತ್ತೈತ್ರಿ" ಎಂದರು.

ತಾಯಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ತಾಟನ್ನು ತಮ್ಮ ಕಡೆ ಎಳೆದುಕೊಂಡರು. "ಹಲ್ಲು ನೆಟ್ಟಗಾದಮ್ಯಾಲ ಬರ್ರಿ ಸರ. ನಮ್ಮ ಎಲಿ ಎಲ್ಲಿಗೂ ಹೋಗೂದಿಲ್ಲ."

ಬಾಗಿಲಲ್ಲಿದ್ದ ಹುಡುಗಿ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಮುಂದಿದೆ. ಅವಳಿಗೆ ಆಡುವ ಆಸೆ. ನಾನು ಅದಕ್ಕೆ ಅಡ್ಡ ಬಂದವಳು. ಅವಳು ನನ್ನನ್ನು ಬೈದುಕೊಂಡಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ನಾವು ಓಣಿ ದಾಟುವ ಮೊದಲೇ ಮಗ್ಗ ಮತ್ತೆ ಶುರುವಾಯಿತು.

ಬಸ್ ಸ್ಟ್ಯಾಂಡಿಗೆ ಬಂದೆವು. ಅಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಎದುರಿನ ಪಾನಪಟ್ಟಿ ಅಂಗಡಿಗೆ ಹೋಗಿ ಒಂದು ಎಲೆ ತೆಗೆದುಕೊಂಡು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತರು. ಮುಚ್ಚಿಟ್ಟುಕೊಳ್ಳಲೂ ಇಲ್ಲ.

"ಉಂಡ ಮನಿ ಜಂತಿ ಎಣಸಬಾರದವಾ" ಎಂದರು.

"ಸರ್, ನಮ್ಮ ಆಯಿ ಕೊಟ್ಟ ಎಲಿ ಏನ ಮಾಡಿದ್ರಿ?"

"ಯಾವ ಎಲಿ?" ಎಂದರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಆಮೇಲೆ ಬಾಯೊಳಗಿನದನ್ನು ಒಂದು ಕಡೆ ಸರಿಸಿ ಹೇಳಿದರು. "ಎಷ್ಟ ಮನ್ಯಾಗ ಕೊಡತಾರ ತಂಗಿ. ಎಲ್ಲಾ ತಿಂದ್ರ ಎಲ್ಲಾರಿಗೂ ಉತ್ತರಾ ಹೇಳಬೇಕಾಗತೈತಿ. ನನ್ನ ಕಾಲೇಜಿನವ್ರು ಕಪ್ ಎಲ್ಲಿ ಅಂತ ಕೇಳತಾರ. ಹುಡುಗ್ಯಾರು ಏನ ಕಲತ್ರು ಅಂತ ನನಗ ಯಾರೂ ಒಂದ ದಿನಾ ಕೇಳಿಲ್ಲ."

"ನಮ್ಮ ಆಯಿ ಕೇಳಿದ್ಲಲ್ರಿ."

ಬಸ್ಸು ಬಂತು. ಅವರು ಮುಂದೆ ಕುಳಿತರು, ನಾನು ಹಿಂದೆ. ಸವದತ್ತಿಯಲ್ಲಿ ಇಳಿಯುವಾಗ ರೂಢಿಯಂತೆ ತಿರುಗಿ ನೋಡಿ, ನಾನು ಮನೆ ಕಡೆಯ ಬಸ್ಸು ಹತ್ತುವವರೆಗೂ ದೂರದಲ್ಲಿ ನಿಂತೇ ಇದ್ದರು. ಅದೇ ನನಗೆ ಹೆಚ್ಚು ಸಂಕಟ ಮಾಡಿತು. ಅಷ್ಟು ಕಾಯುವ ಮನುಷ್ಯ, ಕಾಯಬೇಕಾದದ್ದನ್ನು ಮಾತ್ರ ಕಾಯಲಿಲ್ಲ.

ಆ ವಾರ ನಾನು ಓಣಿಯ ಹುಡುಗಿಯಿಂದ ಎಂಟನೆಯ ತರಗತಿಯ ಪುಸ್ತಕ ಕೇಳಿ ತಂದೆ. ಹಾಳೆ ತಿರುವದ ನನ್ನದೇ ಡಿಗ್ರಿಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಬಾಯಿಪಾಠ ಮಾಡದೆ ಓದುವುದು ಎಷ್ಟು ನಿಧಾನದ ಕೆಲಸ ಎಂಬುದು ಅವತ್ತು ತಿಳಿಯಿತು. ಒಂದು ಪುಟಕ್ಕೆ ಇನ್ನೊಂದು ಪುಸ್ತಕ, ಆ ಪುಸ್ತಕಕ್ಕೆ ಮತ್ತೊಂದು. ಮೂರು ವರ್ಷದಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕಾಗಿದ್ದದ್ದನ್ನು ನಾನು ಅಡುಗೆ ಮನೆಯ ಕಟ್ಟೆಯ ಮೇಲೆ ಕುಳಿತು ಒಬ್ಬಳೇ ತಡಕಾಡುತ್ತಿದ್ದೆ.

ಸರ್ ಜೊತೆ ಹುಡುಗಿಯನ್ನು ಕೇಳಲು ರಾಮದುರ್ಗಕ್ಕೆ ಹೋಗುತ್ತೇನೆ ಎಂದಷ್ಟೇ ಆಯಿಗೆ ಹೇಳಿದ್ದೆ, ಅಲ್ಲಿ ನಡೆದದ್ದನ್ನು ಹೇಳಲೋ ಬೇಡವೋ ಎಂದು ತಡೆದಿದ್ದೆ. ಕಡೆಗೆ ಅವಳೇ ಕೇಳಿದಳು.

"ಮಾಸ್ತರ ಅಲ್ಲಿನೂ ಎಲಿ ಹಿಡದ್ನೇನು?"

"ಹಿಡದು ತಿರಗಿ ಇಟ್ಟ."

"ಕಿಸೇದಾಗ ಇಟ್ಕೊಳ್ಳೂಕಿಂತ ಪಾಡ ಆತು" ಎಂದಳು. ಆಮೇಲೆ, "ನಾ ಅವತ್ತ ನೋಡಿದ್ನಿ. ಕಲತ ಮನಿಶ್ಯಾ ಅಂತ ಸುಮ್ಮಕಾದ್ನಿ. ಊರ ಮಂದಿ ಆಗಿದ್ರ ಬಿಡತಿದ್ನೇನು?" ಎಂದಳು.

ಆ ಎರಡನೆಯ ಪಾಠದ ಹಿಂದಿನ ಸಂಜೆ ಅವಳನ್ನೇ ಎದುರಿಗೆ ಕೂಡಿಸಿಕೊಂಡು ಪಾಠ ಹೇಳಿ ನೋಡಿದೆ. ಪೇಶ್ವೆಯರ ಆಟ ಮುಗಿದ ಮೇಲೆ ಸಂಸ್ಥಾನ ನಿಮ್ಮ ಕೈಯಲ್ಲೇ ಇರಲಿ ಎಂದು ಕಂಪನಿಯವರು ದೊರೆಗೆ ಮಾತು ಕೊಟ್ಟದ್ದು, ದೊರೆ ತೀರಿದ ಮೇಲೆ, ದತ್ತಕಕ್ಕೆ ಮೊದಲೇ ನಮ್ಮನ್ನು ಕೇ‍ಳಲಿಲ್ಲ ಎಂದು ಕಾರಣ ತೆಗೆದದ್ದು, ಕಾರಣ ಬೇರೆ, ಕಣ್ಣು ಇದ್ದದ್ದು ಸಂಸ್ಥಾನದ ಮೇಲೆ ಎಂಬುದು. ಆಯಿ ತನ್ನ ಕಥೆಯಲ್ಲಿ ಇಲ್ಲದ ಈ ಭಾಗವನ್ನು ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು.

"ಅಂದ್ರ ಅವ್ರೂ ಎಲಿ ಕಿಸೇದಾಗ ಇಟ್ಕೊಂಡಿದ್ರು ಅನ್ನು."

ನನಗೆ ನಗು ಬಂತು.

ಆಯಿ ಚಂಚಿ ಬಿಚ್ಚಿದಳು. ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ನನ್ನ ಕಡೆ ಹಿಡಿದಳು. ಮನೆಯಲ್ಲಿ ಮದುವೆಯಾಗದ ಹುಡುಗಿಗೆ ಅವಳು ಎಂದೂ ಎಲೆ ಕೊಟ್ಟವಳಲ್ಲ.

"ಕಲಸತೇನಿ ಅಂತಿದ್ರ ತಗೋ. ಅವು ಏನ ಕೇಳಿದ್ರೂ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂದು ಮರದಿನಾ ನೋಡ್ಕೊಂಡು ಬಂದು ಹೇಳಬೇಕು."

ಅವಳ ಎದುರಿಗೇ ಬಾಯಿಗೆ ಹಾಕಿಕೊಂಡೆ. ಕಣ್ಣು ಸೋತ ಮುದುಕಿ, ಸುಣ್ಣ ಹೆಚ್ಚಾಗಿತ್ತು. ನಾಲಿಗೆ ಸುಟ್ಟಿತು. ಆದರೂ ಪೂರ್ತಿ ಜಗಿದು ನುಂಗುವವರೆಗೆ ಅವಳು ನನ್ನ ಬಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.